ಪರದೆಯೊಳಗಿನ ಮಾತು

ಸೊಲ್ಲಾಪುರ ರಸ್ತೆಯ ಗ್ಯಾರೇಜುಗಳ ಶಟರ್ ಇನ್ನೂ ಎದ್ದಿಲ್ಲ. ಲಲಿತಾ ಮಾತ್ರ ಆಗಲೇ ತಮ್ಮ ಆನ್‌ಲೈನ್ ಸೆಂಟರ್‌ನ ಕಸ ಹೊಡೆದು, ಕಂಪ್ಯೂಟರ್ ಹಚ್ಚಿ ಕೂತಿದ್ದಾರೆ. ಕಾಲೇಜು ಅರ್ಜಿಯ ದಿನಗಳಲ್ಲಿ ಸರ್ವರ್ ಚುರುಕಾಗಿ ಓಡುವುದು ಈ ಹೊತ್ತಿನಲ್ಲೇ. ಮೊದಲ ಬಸ್ಸಿಗೆ ಕಳ್ಳಕವಟಗಿಯಿಂದ ಬಂದ ಹುಡುಗಿಯನ್ನು ಒಳಗೆ ಕೂರಿಸಿ, ಹಳೇ ಇಳಕಲ್ ಸೀರೆಯ ಪರದೆ ಎಳೆಯುತ್ತಾರೆ. ಹಿಂದೆಯೇ ಅವಳ ಅಣ್ಣ ಕಾಲಿಡುತ್ತಾನೆ.

"ನೀ ಹೊರಗ ಕುಂಡ್ರಪಾ. ಆಕಿ ಅರ್ಜಿ ಆಕಿ ತುಂಬತಾಳ."

ಬೇರೆ ಸೆಂಟರ್‌ಗಳ ರೂಢಿ ನಮಗೆಲ್ಲ ಗೊತ್ತೇ ಇದೆ. ಒಬ್ಬರ ಅರ್ಜಿಯ ಮೇಲೆ ಹತ್ತು ತಲೆ ಬಾಗಿರುತ್ತವೆ. ಜಾತಿ, ಅಂಕ, ಫೇಲಾದ ವಿಷಯ, ಎಲ್ಲವನ್ನೂ ಆಪರೇಟರ್ ಕೂಗಿ ಕೇಳುತ್ತಾನೆ. ಉತ್ತರವನ್ನು ಹಿಂದೆ ನಿಂತವರೇ ಹೇಳಿಬಿಡುತ್ತಾರೆ. ಭೂತನಾಳದವರಾದ ಲಲಿತಾ ಹಿಂದೆ ತಮ್ಮ ಡಿಗ್ರಿ ಅರ್ಜಿ ತುಂಬಿಸಲು ಹೋದದ್ದೂ ಅಂಥದ್ದೇ ಅಂಗಡಿಗೆ.

"'ನಿಮ್ಮಪ್ಪ ಬಿಟ್ಟ ಹೋಗ್ಯಾನಂತಲ್ಲ, ಹೆಸರು ಏನ ಹಾಕೂದು?' ಅಂತ ಒದರಿದ್ನ್ರಿ. ಅಂಗಡಿ ತುಂಬ ನಮ್ಮೂರ ಮಂದಿ. ನಾ ಎದ್ದ ಬಂದಬಿಟ್ಟೆ. ಮತ್ತ ಕಾಲೇಜಿನ ಮುಖ ನೋಡಲಿಲ್ಲ," ಎನ್ನುತ್ತಾರೆ. ಇಷ್ಟು ವರ್ಷವಾದರೂ ಹೇಳುವಾಗ ದನಿ ತಗ್ಗುತ್ತದೆ.

ಲಲಿತಾ ಏನನ್ನೂ ಕೂಗಿ ಕೇಳುವುದಿಲ್ಲ. ಬೆರಳಿಟ್ಟು ತೋರಿಸುತ್ತಾರೆ, ಮಕ್ಕಳೇ ಟೈಪ್ ಮಾಡುತ್ತಾರೆ. ಸೀಸನ್ನಿನಲ್ಲಿ ದಿನಕ್ಕೆ ಮೂವತ್ತು ಅರ್ಜಿ ಆದರೆ ಹೆಚ್ಚು; ಪಕ್ಕದವರು ಅದರ ಎರಡರಷ್ಟು ಮುಗಿಸುತ್ತಾರೆ. ಕೆಟ್ಟ ಝೆರಾಕ್ಸುಗಳು ಭಜಿ ಗಾಡಿಗೆ ಹೋಗದೆ ಮನೆಯ ನೀರೊಲೆ ಸೇರುತ್ತವೆ. "ಹುಡುಗೀರ ಫೋನ್ ನಂಬರ ಇರೂ ಹಾಳ್ಯಾಗ ಮಿರ್ಚಿ ಕಟ್ಟತಾರ್ರಿ. ನನಗ ಸೇರಂಗಿಲ್ಲ. ಈ ಪರದಿ ಬದಲಿ ಒಂದ ಬಾಗಲಾ ಕೂಡ್ರಸಬೇಕಂತ ಮಾಡೇನಿ, ಅಷ್ಟ."

ಯಾರ್‍ಯಾರ ಅರ್ಜಿ ತುಂಬಿದ್ದೀರಿ ಎಂದು ನಾನು ಕೇಳಿದರೆ ಲಲಿತಾ ಜಪ್ಪಯ್ಯ ಎಂದರೂ ಬಾಯಿ ಬಿಡುವುದಿಲ್ಲ. ಚಹಾ ಮಾತ್ರ ಎರಡು ಸಲ ಬರುತ್ತದೆ. ಕೊನೆಗೆ ಕಥೆ ಸಿಗುವುದು ಹೊರಗಿನ ಬೆಂಚಿನ ಮೇಲೆ, ಬಬಲೇಶ್ವರದ ರೈತ ಶಂಕ್ರೆಪ್ಪನವರ ಬಾಯಿಂದ.

"ಹ್ವಾದ ವರ್ಷ ನಮ್ಮಣ್ಣನ ಮಗಳು ಯಾರಿಗೂ ಹೇಳದ ನರ್ಸಿಂಗ್‌ಗೆ ಅರ್ಜಿ ಹಾಕಿದ್ಲ್ರಿ. ನಾವು ಮದವಿ ಗೊತ್ತ ಮಾಡಿದ್ವಿ. ಯಾವ ಕಾಲೇಜ ಹೇಳ, ಅರ್ಜಿ ಹಿಂದಕ್ಕ ತಗಸ್ತೇನಿ ಅಂತ ಇದ ಬಾಗಲದಾಗ ನಿಂತ ಒದರಾಡಿದೆ. ಬಂದ ಗಿರಾಕಿನ್ನೆಲ್ಲ ತಿರುಗಿಸಿ ಕಳಿಸಿದೆ. ಈ ತಂಗಿ ಹೇಳಲಿಲ್ರಿ."

ಆ ಹುಡುಗಿ ಈಗ ನರ್ಸಿಂಗ್ ಓದುತ್ತಿದ್ದಾಳೆ. ಹಬ್ಬಕ್ಕೆ ಮನೆಗೂ ಬಂದು ಹೋಗುತ್ತಾಳಂತೆ. ಹಾಗಾದರೆ ಇವತ್ತು ನೀವಿಲ್ಲಿ ಯಾಕೆ ಎಂದು ಕೆಣಕುತ್ತೇನೆ. ಶಂಕ್ರೆಪ್ಪ ಪರದೆಯ ಕಡೆ ನೋಡುತ್ತಾರೆ. ಕಳ್ಳಕವಟಗಿಯ ಹುಡುಗಿ ಎದ್ದುಹೋದ ಮೇಲೆ ಒಳಗೆ ಕೂತಿರುವುದು ಅವರ ಸ್ವಂತ ಮಗಳು.

"ಈಕಿದೂ ಒಂದ ಮಾತ ಐತ್ರಿ, ನಾಕ ಮಂದಿಗೆ ತಿಳಿಯೂದು ಬ್ಯಾಡ. ಅಷ್ಟ ಒದರಾಡಿದ್ರೂ ಈ ತಂಗಿ ನನಗ ಹೇಳಲಿಲ್ಲ. ಮತ್ತ ಯಾರಿಗೆ ಹೇಳ್ತಾಳ್ರಿ?"

ಪತ್ರಿಕೆಯವರ ಚಟ, ನಾನು ಪೆನ್ನು ತೆಗೆದು ಮಗಳ ಹೆಸರು ಕೇಳುತ್ತೇನೆ. ಶಂಕ್ರೆಪ್ಪ ಮೆಲ್ಲಗೆ ನನ್ನ ಕೈ ಹಿಡಿಯುತ್ತಾರೆ.

"ನಂದ ಬರಕೋರಿ. ಆಕಿದ ಬ್ಯಾಡ."