ಹಂಚಿನ ಮೊದಲ ರೊಟ್ಟಿ

ವಿಜಯಪುರದ ದಾನೇಶ್ವರಿ ಕೂತಲ್ಲಿ ಕೂರುವ ಜಾಯಮಾನದವಳಲ್ಲ. ಅಮೆರಿಕದ ಷಾರ್ಲೆಟ್‌ನಿಂದ ಒಂದು ಗಂಟೆ ದೂರದ ಫಾರ್ಮಿನಲ್ಲಿ, ಮಾಂಸಕ್ಕೆಂದು ಸಾಕುವ ಹೋರಿಗಳಿಗೆ ಜೋಳವೆಷ್ಟು, ಹುಲ್ಲೆಷ್ಟು ಎಂದು ಗೊತ್ತುಮಾಡುವುದು ಅವಳ ಕೆಲಸ. ಅವು ಮೈತುಂಬಿಕೊಂಡ ಮೇಲೆ ಟ್ರಕ್ಕು ಬರುತ್ತದೆ. ಇದನ್ನು ಮಾತ್ರ ಅತ್ತೆ ಶಾಂತವ್ವನಿಗೆ ನಾಲ್ಕು ವರ್ಷದಿಂದ ಹೇಳಿಲ್ಲ. ಹಾಲಿನ ದನಗಳ ಫಾರ್ಮೆಂದೇ ನಂಬಿದ ಮುದುಕಿ, ಹಂಚಿನಿಂದಿಳಿದ ಮೊದಲ ರೊಟ್ಟಿಯನ್ನು ದಿನಾ ದನಕ್ಕೆಂದು ಕಟ್ಟಿಕೊಡುತ್ತಾಳೆ. ಎಸೆಯಲು ಮನಸ್ಸಾಗದೆ ದಾನೇಶ್ವರಿ ಅದನ್ನು ಬೇಲಿಯ ಬಳಿ ಕಾಯುವ ಬಿಳಿ ಹಣೆಯ ಹೋರಿಗೆ ತಿನ್ನಿಸುತ್ತಿದ್ದಳು.

ಗುರುವಾರ ಆ ಹೋರಿ ಟ್ರಕ್ಕು ಹತ್ತಲಿಲ್ಲ. ಮೂವರು ನೂಕಿದರೂ ಕಾಲೂರಿ ನಿಂತಿತು. ದಾನೇಶ್ವರಿ ಅತ್ತ ನಡೆದಳು, ಇತ್ತ ನಡೆದಳು, ರೊಟ್ಟಿಯ ಚೀಲದ ಬಾಯಿ ತೆರೆದಳು, ಮುಚ್ಚಿದಳು. ಇನ್ನು ನೋಡಲಾರದೆ ಟ್ರಕ್ಕಿನ ಮುಂದಿನ ಕಿಂಡಿಯಲ್ಲಿ ರೊಟ್ಟಿ ತೂರಿಸಿ, "ಬಾ, ಬಾ" ಎಂದಳು. ಹೋರಿ ತಾನಾಗಿ ಏರಿ ಬಂದು, ರೊಟ್ಟಿ ತಿಂದು, ಅವಳ ಅಂಗೈ ನೆಕ್ಕಿತು. ಹಿಂದೆ ಬಾಗಿಲು ಬಿತ್ತು.

ಸಂಜೆ ಶಾಂತವ್ವ ಕೇಳಿದಳು, "ರೊಟ್ಟಿ ತಿಂತೇನವಾ?"

"ತಿಂತ್ರೀ ಅತ್ತಿ."

"ನಿನ್ನ ಕೈಯಾಗಿಂದ ತಿಂತಲ್ಲ, ಪುಣ್ಯ ಬಂತು ನಿನಗ. ನಾಳಿಂದ ಎರಡು ಕಟ್ಟತೀನಿ."