ಒಳ್ಳೆಯ ಫೋನು ಅಳಿಸಿದ ಗೆರೆಗಳು

ಡಿಜಿಟಲ್ ತಂತ್ರಜ್ಞಾನ ಬಡವ ಬಲ್ಲಿದರ ಅಂತರವನ್ನು ಅಳಿಸುತ್ತದೆಯೇ? ನನ್ನ ಕಾಲೇಜು ದಿನಗಳಲ್ಲಿ ಚರ್ಚಾಸ್ಪರ್ಧೆಗೆ ಈ ವಿಷಯ ಪದೇ ಪದೇ ಬರುತ್ತಿತ್ತು. ಹರಪನಹಳ್ಳಿಯಲ್ಲಿ ಪರವಾಗಿ ಮಾತಾಡಿ ಗೆದ್ದೆ, ಹಡಗಲಿಯಲ್ಲಿ ವಿರೋಧವಾಗಿ ಮಾತಾಡಿ ಗೆದ್ದೆ. ಮನಸ್ಸಿನಲ್ಲಿ ಮಾತ್ರ ನಾನು ಯಾವಾಗಲೂ ವಿರೋಧ. ಪರದೆಯ ಮೇಲೆ ‘ಎಲ್ಲರಿಗೂ ಸಮಾನ ಅವಕಾಶ’ ಎಂದು ಕಂಡರೆ ಸಾಕು, ಆ ಎಲ್ಲರು ಯಾರು ಎಂದು ಕೇಳುವ ಚಟ ಇನ್ನೂ ಹೋಗಿಲ್ಲ.

ಕೊಟ್ಟೂರಿನಲ್ಲಿ ನಮ್ಮ ಮನೆಯ ಎದುರು ಸಾಲಿನಲ್ಲಿ ಬೋರ್ಡು ಬರೆಯುವ ಪೇಂಟರ್ ಒಬ್ಬರಿದ್ದಾರೆ. ನಾವು ಚಾಚಾ ಎನ್ನುತ್ತೇವೆ. ನೀಲಿ ಪುಡಿ ಹಚ್ಚಿದ ದಾರವನ್ನು ಬಿಗಿಯಾಗಿ ಎಳೆದು ಟಪ್ಪೆಂದು ಬಿಟ್ಟರೆ ನೇರ ಗೆರೆ ಬೀಳುತ್ತದೆ. ಆ ಗೆರೆಗಳ ನಡುವೆ ಅಕ್ಷರ ಬರೆಯುತ್ತಾರೆ. ಬರೆದು ಮುಗಿದರೂ ಗೆರೆ ಒರೆಸುವುದಿಲ್ಲ. ಗಿರಾಕಿ ಬಂದು ನೋಡಿ, ತಾನೇ ಬಟ್ಟೆ ಹಿಡಿದು ಒರೆಸಬೇಕು. ಫ್ಲೆಕ್ಸ್ ಬಂದ ಮೇಲೆ ಹುಟ್ಟಿದ ಪದ್ಧತಿ ಇದು.

“ಮೊದ್ಲು ದಾರ ನೋಡ್ರಿ. ಇಲ್ಲಾಂದ್ರ ನಾಳಿ ಸ್ಟಿಕ್ಕರ್ ಅಂಟಿಸ್ಯಾನ ಅಂತೀರಿ,” ಎಂದು ಕಾನಹೊಸಹಳ್ಳಿಯ ಗ್ಯಾರೇಜಿನವರಿಗೆ ಅವರು ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಚಾಚಾನ ಮಗಳ ಕೈ ಅಪ್ಪನದಕ್ಕಿಂತ ನೆಟ್ಟಗೆ. ಪಿಯುಸಿ ಮುಗಿಸಿ, ದೂರದ ಊರಿನ ಚಿತ್ರಕಲಾ ಕಾಲೇಜಿಗೆ ಅರ್ಜಿ ಹಾಕಲು ಅಪ್ಪನ ಹಾಗೆಯೇ ದಾರ ಹೊಡೆದು, ಗೆರೆ ಒರೆಸದೆ ಐದು ಹಾಳೆ ಅಕ್ಷರ ಬರೆದಳು. ಹಾಳೆಗಳ ಫೋಟೊ ತೆಗೆದು ಆನ್‌ಲೈನ್‌ನಲ್ಲಿ ಹಾಕಬೇಕಿತ್ತು. ಮನೆಯಲ್ಲಿದ್ದ ಫೋನಿನ ಗಾಜು ಒಡೆದಿತ್ತು. ನನ್ನ ಹತ್ತಿರ ಬಂದಳು.

“ಅಕ್ಕಾ, ನಿನ್ನ ಫೋನ್ ಚಲೋ ಐತಿ. ಇದೊಂದು ಆತಂದ್ರ ಬಚಾವ್. ಸೀಟ್ ಸಿಗಲಿಲ್ಲಂದ್ರ ಫ್ಲೆಕ್ಸ್ ಅಂಗಡ್ಯಾಗ ಟೈಪ್ ಮಾಡಾಕ ಕೂಡ್ರು ಅಂತಾರ ನಮ್ಮ ಅಬ್ಬಾ.”

“ಇಟ್ಟು ಹೋಗು, ನಾ ಹಾಕ್ತೀನಿ,” ಎಂದೆ.

ಸ್ಕ್ಯಾನ್ ಆ್ಯಪ್‌ನಲ್ಲಿ ‘ಸ್ವಚ್ಛಗೊಳಿಸಿ’ ಎಂಬ ಗುಂಡಿಯಿತ್ತು. ಒತ್ತಿದೆ. ಹಾಳೆ ಬೆಳ್ಳಗಾಯಿತು, ನೀಲಿ ಗೆರೆಗಳು ಮಾಯವಾದವು. ಚಾಚಾನ ಪದ್ಧತಿ ನನಗೆ ಗೊತ್ತಿತ್ತು. ಅದು ಬಜಾರದ ಮಾತು, ಕಾಲೇಜಿಗೆ ಹೀಗೇ ಚೆಂದ ಎಂದುಕೊಂಡೆ. ಅವಳಿಗೆ ತೋರಿಸದೆ ಕಳಿಸಿಬಿಟ್ಟೆ.

ಎರಡು ವಾರದ ಮೇಲೆ ಉತ್ತರ ಬಂತು: ಕೃತಿಗಳು ಕೈಯಿಂದ ರಚಿಸಿದವಲ್ಲ, ಪರಿಗಣಿಸಲಾಗಿಲ್ಲ.

“ನನ್ನ ಮಗಳ ಕೈ ಸುಳ್ಳಂತಾರೇನು?” ಚಾಚಾ ಅಂಗಳದಲ್ಲೇ ಕೂತುಬಿಟ್ಟರು.

ನಾನು ಅಲ್ಲೇ ನಿಂತು ಭಾಷಣ ಮಾಡಿದೆ. ಅರ್ಜಿ ಸೋಸುವ ಯಂತ್ರಕ್ಕೆ ನಮ್ಮ ಊರು ಗೊತ್ತಿಲ್ಲ, ನಗರದ ಮಕ್ಕಳಿಗೆ ಮಾಡಿದ ಜರಡಿ ಇದು, ಆಕ್ಷೇಪಣೆ ಹಾಕೋಣ. ಚಾಚಾನ ಮುಖ ಸ್ವಲ್ಪ ತಿಳಿಯಾಯಿತು. “ನೀ ಬರದ್ರ ಆತು ಬಿಡು,” ಎಂದರು.

ಆಕ್ಷೇಪಣೆ ಬರೆಯಲು ಆ ಐದು ಚಿತ್ರಗಳನ್ನು ತೆರೆದಾಗ ನನಗೆ ತಿಳಿಯಿತು. ಅಷ್ಟು ನೆಟ್ಟಗಿನ ಅಕ್ಷರಗಳು, ಕೆಳಗೆ ಗೆರೆಯಿಲ್ಲ. ಯಾರು ನೋಡಿದರೂ ಕಂಪ್ಯೂಟರಿನದೇ ಎನ್ನುತ್ತಿದ್ದರು. ಒಡೆದ ಗಾಜಿನ ಫೋನಿನಲ್ಲಿ ತೆಗೆದಿದ್ದರೆ ಗೆರೆ ಉಳಿಯುತ್ತಿತ್ತು. ಅದನ್ನು ಅಳಿಸಿದ್ದು ನನ್ನ ಒಳ್ಳೆಯ ಫೋನು, ಅಳಿಸೆಂದದ್ದು ನಾನು. ಆದರೂ ಎರಡು ಪುಟ ಬರೆದೆ. ಒಂದು ವಾಕ್ಯದಲ್ಲೂ ನಾನಿರಲಿಲ್ಲ.

ಐದನೆಯ ದಿನ ನಾನೂ ಅವಳೂ ಆ ಪತ್ರದ ಜೊತೆ ಮೂಲ ಹಾಳೆಗಳನ್ನು ಸುತ್ತಿಕೊಂಡು ಕಾಲೇಜಿಗೆ ಬಸ್ಸು ಹತ್ತಿದೆವು. ಪ್ರವೇಶ ನೋಡಿಕೊಳ್ಳುವ ಮೇಷ್ಟ್ರು ನನ್ನ ಪತ್ರವನ್ನು ಪೂರ್ತಿ ಓದಿದರು. ಹಾಳೆ ಬಿಚ್ಚಿ, ಒಂದು ಗೆರೆಯ ಮೇಲೆ ಬೆರಳಾಡಿಸಿದರು. ಬೆರಳು ನೀಲಿಯಾಯಿತು. ಆಮೇಲೆ ಪರದೆ ನೋಡಿದರು.

“ಇಲ್ಲಿ ಗೆರೆ ಇದೆ, ಅಲ್ಲಿ ಇಲ್ಲ. ರಿಜೆಕ್ಟ್ ಆದ ಮೇಲೆ ಎಳ್ಕೊಂಡು ಬಂದಿದೀರಾ?”

ಅವಳ ಕಣ್ಣು ತುಂಬಿತು. “ಇಲ್ರಿ ಸರ್, ಇದು ಮೊದ್ಲೇ ಹೊಡದ ದಾರ...”

ವೇದಿಕೆಯಾಗಿದ್ದರೆ ನಾನು ಗೆಲ್ಲುತ್ತಿದ್ದೆ. ಆರೋಪ ಮಾಡಿದವರೇ ಸಾಬೀತು ಮಾಡಲಿ ಎಂದರೆ ಮುಗಿಯಿತು. ಆದರೆ ಅಲ್ಲಿ ಕಳ್ಳಿಯಾಗುತ್ತಿದ್ದವಳು ಅವಳು. ಫೋನು ತೆಗೆದು, ಆ್ಯಪ್‌ನಲ್ಲಿ ಇನ್ನೂ ಉಳಿದಿದ್ದ ಮೊದಲಿನ ಚಿತ್ರಗಳನ್ನು ಅವರ ಮುಂದಿಟ್ಟೆ. “ಗೆರೆ ಅಳಿಸಿದ್ದು ನಾನು, ಸರ್. ಇವಳಿಗೆ ಗೊತ್ತಿಲ್ಲ.”

ಅವರು ತಾರೀಖು ನೋಡಿದರು, ಗೆರೆ ನೋಡಿದರು, ಅವಳ ಹೆಸರನ್ನು ಆಯ್ಕೆಯ ಎರಡನೇ ಪಟ್ಟಿಗೆ ಬರೆದುಕೊಂಡರು. ನನ್ನ ಪತ್ರವನ್ನು ವಾಪಸು ಕೊಟ್ಟು, “ಬರವಣಿಗೆ ಚೆನ್ನಾಗಿದೆ. ಇದರಲ್ಲಿರೋದು ಯಾವುದೂ ನಡೆದಿಲ್ಲ ಅಷ್ಟೆ,” ಎಂದರು.

“ಹೀಗೆ ಹಾಳೆ ಹಿಡ್ಕೊಂಡು ಇಲ್ಲೀತನಕ ಬರೋಕಾಗದೇ ಇದ್ದವರು, ಸರ್?”

“ಅವರು ಬರಲಿಲ್ಲವಲ್ಲ,” ಎಂದು ಮುಂದಿನವರನ್ನು ಕರೆದರು. ಆ ಉತ್ತರವನ್ನು ನಾನಿನ್ನೂ ನಂಬಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಅವಳು ನನ್ನ ಮುಖ ನೋಡಲಿಲ್ಲ.

“ಯಾವಾಗ ಗೊತ್ತಾತು?”

“ಪತ್ರ ಬರಿಯೋಮುಂದ.”

“ಐದು ದಿನ ಅಬ್ಬಾ ಸರಿಯಾಗಿ ಉಂಡಿಲ್ಲ, ಅಕ್ಕಾ.”

ನನ್ನ ಬಳಿ ಮೂರು ಸಮರ್ಥನೆಗಳಿದ್ದವು. ಒಂದನ್ನೂ ಆಡಲಿಲ್ಲ.

“ನಾ ಹೇಳಂಗಿಲ್ಲ ಅಬ್ಬಾಗ. ನೀನ ಹೇಳಬೇಕು,” ಎಂದು ಬಸ್ಸಿನಲ್ಲಿ ಬೇರೆ ಸೀಟಿಗೆ ಹೋಗಿ ಕೂತಳು.

ಊರು ಮುಟ್ಟಿದಾಗ ಚಾಚಾ ಒಂದು ಔಷಧಿ ಅಂಗಡಿಯ ಮುಂದೆ ಏಣಿಯ ಮೇಲಿದ್ದರು. ಸೀಟಿನ ಸುದ್ದಿ ಮೊದಲು ಹೇಳಿದೆ, ಗುಂಡಿಯ ಸುದ್ದಿ ಆಮೇಲೆ. ಬ್ರಷ್ಷು ಗಾಳಿಯಲ್ಲೇ ನಿಂತಿತು.

“ಹಂಗಾರ ಆ ಪತ್ರದಾಗ ಬರದಿದ್ದೆಲ್ಲಾ ಸುಳ್ಳೇನು?”

“ಎಲ್ಲಾ ಸುಳ್ಳಲ್ಲ, ಚಾಚಾ.”

“ನೋಡು, ಇನ್ನೂ ವಾದ ಮಾಡ್ತೀ,” ಎಂದು ಅವರು ಬೋರ್ಡಿನ ಕಡೆ ತಿರುಗಿದರು. ಏಣಿ ಅಲುಗಾಡುತ್ತಿತ್ತು. ಹೋಗೆನ್ನಲಿಲ್ಲ, ನಿಲ್ಲೆನ್ನಲಿಲ್ಲ. ನಾನು ಏಣಿ ಹಿಡಿದು ನಿಂತೆ.