ಆಯುಧಪೂಜೆಯ ದಿನ ಕಂಪ್ಯೂಟರ್ ಮುಟ್ಟಿದವರ್ಯಾರು?

"ಅಮ್ಮಾ, ಆಯುಧಪೂಜೆ ದಿನ ಈ ಕಂಪ್ಯೂಟರ್ ಯಾರಾದ್ರೂ ಮುಟ್ಟಿದ್ರಾ?" ಎಂದಳು ಮಗಳು.

"ಪೂಜೆ ಆದ್ಮೇಲೆ ಯಾರ್ ಮುಟ್ತಾರೆ ಕಣೇ? ಆರತಿಗೆ ಆನ್ ಮಾಡಿ, ಹಾಗೇ ಬಿಟ್ಟು ಬೀಗ ಹಾಕ್ಕೊಂಡು ಬಂದ್ವಲ್ಲ."

ಶಿರಾ ಗೇಟ್‌ನ ನಮ್ಮ ಇಂಟರ್ನೆಟ್ ಅಂಗಡಿಯಲ್ಲಿ ಗಿರಾಕಿಗಳ ಪಾಸ್‌ವರ್ಡ್ ಕಳುವಾಗುತ್ತಿತ್ತು. ಕೆಲಸಕ್ಕಿದ್ದ ಕೊತ್ತಗೆರೆಯ ಲಕ್ಷ್ಮಿಯೇ ಕಳ್ಳಿಯೆಂದು ನಮ್ಮ ಯಜಮಾನರು ಎಲ್ಲರೆದುರು ಬೈದು ಓಡಿಸಿದ್ದರು. ನಾನೂ ತಡೆಯಲಿಲ್ಲ. ಕಂಪ್ಯೂಟರ್ ಓದುತ್ತಿದ್ದ ಮಗಳು, ಅಂಗಡಿ ಮುಚ್ಚಿದ್ದ ದಿನ ಅಂಗಡಿಯ ಕಂಪ್ಯೂಟರ್‌ಗಳಿಂದ ಹೊರಗೆ ಹೋದ ಸಂಪರ್ಕಗಳನ್ನಷ್ಟೇ, ಎಲ್ಲವೂ ತಾನಾಗಿ ದಾಖಲಾಗುವ ಲಾಗ್‌ನಿಂದ ಹೆಕ್ಕಿ ತೋರಿಸುವ ಹುಡುಕು ಆದೇಶ, ಅಂದರೆ ಕ್ವೆರಿ, ಬರೆದಿದ್ದಳು. ಕುಂಕುಮ ಹಚ್ಚಿಸಿಕೊಂಡು ಕೂತಿದ್ದ ಆ ಕಂಪ್ಯೂಟರ್ ಅವತ್ತಿಡೀ ಗಂಟೆಗೊಮ್ಮೆ ಗುರುತಿಲ್ಲದ ವಿಳಾಸಕ್ಕೆ ಏನೋ ಕಳಿಸುತ್ತಿತ್ತು. ಕದಿಯುತ್ತಿದ್ದುದು ವೈರಸ್.

ಮರುದಿನವೇ ಹೋಗಿ ಲಕ್ಷ್ಮಿಯ ಕೈ ಹಿಡಿದು ತಪ್ಪಾಯಿತೆಂದೆ. "ಬುಡಿ ಅಕ್ಕ, ಕಳ್ಳಿ ಅನ್ನೋ ಮಾತು ಕೇಳಿ ಗಂಡಿನ ಕಡೆಯೋರು ಆಗ್ಲೇ ಮದ್ವೆ ಬೇಡ ಅಂದವ್ರೆ" ಎಂದಳು.

ಅವಳ ಮೇಲೆ ಯಜಮಾನರು ಬರೆದಿಟ್ಟಿದ್ದ ಪೊಲೀಸ್ ದೂರು ಠಾಣೆಗೆ ಹೋಗದೆ ಇನ್ನೂ ಮನೆಯಲ್ಲೇ ಇತ್ತು. ದೇವರು ಅಷ್ಟಾದರೂ ಉಳಿಸಿದ. ಲಕ್ಷ್ಮಿ ಮಾತ್ರ ಮತ್ತೆ ನಮ್ಮ ಮೆಟ್ಟಿಲು ಹತ್ತಲಿಲ್ಲ.